ಪತ್ರವೇ, ಡಬ್ಬಿಯೇ, ವಿಡಿಯೋ ಕಾಲೇ? ಉಡುಪಿ–ಮಂಗಳೂರಿನ ಮಕ್ಕಳಿಗೆ ಹೊರದೇಶದ ಗೆಳೆಯರನ್ನು ಹುಡುಕುವಾಗ

ನಮ್ಮ ಐದನೇ ತರಗತಿಗೆ ಜರ್ಮನಿಯ ಒಂದು ಶಾಲೆಯಿಂದ ಮೊದಲ ಪತ್ರ ಬಂದಿತ್ತು. ಅಲ್ಲಿನ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ. ನಿಮ್ಮ ಕಿಟಕಿಯಿಂದ ನೋಡಿದರೆ ಏನು ಕಾಣುತ್ತದೆ? ನಮ್ಮವರು ಖುಷಿಯಿಂದ ಕೂತು ಉತ್ತರ ಬರೆದರು. ಭಾರತದ ರಾಷ್ಟ್ರಪಕ್ಷಿ ನವಿಲು. ಆಗ್ರಾದಲ್ಲಿ ತಾಜ್‌ಮಹಲ್ ಇದೆ. ನಮ್ಮದು ವಿವಿಧತೆಯಲ್ಲಿ ಏಕತೆಯ ದೇಶ. ಇಪ್ಪತ್ತೆಂಟು ಪತ್ರ ಓದಿದೆ. ಒಂದರಲ್ಲೂ ಕಿಟಕಿ ಇರಲಿಲ್ಲ.

ನಮ್ಮ ತರಗತಿಯ ಕಿಟಕಿಯಿಂದ ಕಾಣುವುದು ಗದ್ದೆ, ಗದ್ದೆಯಾಚೆ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಎತ್ತರದ ಚಿಮಣಿ, ಅದರ ಹಿಂದೆ ತೆಂಗಿನ ತೋಟ. ಮಳೆಗಾಲದಲ್ಲಿ ಸಮುದ್ರ ಕಾಣದಿದ್ದರೂ ಕೇಳುತ್ತದೆ. ಇಷ್ಟೆಲ್ಲ ಇದ್ದೂ ಮಕ್ಕಳು ಎಂದೂ ನೋಡದ ತಾಜ್‌ಮಹಲ್ ಬರೆದರು. ತಪ್ಪು ಅವರದ್ದಲ್ಲ. ಹೊರಗಿನವರಿಗೆ ಹೇಳುವಂಥದ್ದು ನಮ್ಮ ಊರಲ್ಲಿ ಏನಿದೆ ಅಂತ ನಾವೇ ಅವರಿಗೆ ತೋರಿಸಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಬೇರೆ ಬೇರೆ ದಾರಿ ಪ್ರಯತ್ನಿಸಿದೆ. ಪತ್ರ ಬರೆಸಿದೆ, ಡಬ್ಬಿ ಕಳಿಸಿದೆ, ವಿಡಿಯೋ ಕಾಲ್ ಮಾಡಿಸಿದೆ, ಧ್ವನಿ ರೆಕಾರ್ಡ್ ಮಾಡಿಸಿದೆ. ಈಗ ಪರಿಚಯದ ಅಪ್ಪ ಅಮ್ಮಂದಿರು, ಬೇರೆ ಶಾಲೆಯ ಟೀಚರ್‌ಗಳು ಆಗಾಗ ಕೇಳುತ್ತಾರೆ: ಯಾವುದು ಒಳ್ಳೆಯದು? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಅಳೆಯುವುದು ಹೇಗೆ

ಖರ್ಚು, ಸಮಯ, ಸುರಕ್ಷತೆ, ಭಾಷೆ ಎಲ್ಲವನ್ನೂ ನೋಡಲೇಬೇಕು. ಆದರೆ ಎಲ್ಲಕ್ಕಿಂತ ಮೊದಲು ನಾನು ಕೇಳುವ ಪ್ರಶ್ನೆ ಬೇರೆ. ಈ ಗೆಳೆತನದಿಂದ ಮಗು ಎಷ್ಟು ಸಲ ಮನೆಯಿಂದ ಹೊರಗೆ ಬಂದು, ಪಕ್ಕದ ಮನೆಯ ಬಾಗಿಲಿಗೆ ಹೋಗಿ, 'ಅಜ್ಜಿ, ಇದು ಏನು? ಯಾಕೆ ಹೀಗೆ ಮಾಡುತ್ತೀರಿ?' ಅಂತ ಕೇಳಿತು? ದೂರದ ಗೆಳೆಯನ ಪ್ರಶ್ನೆಗೆ ಉತ್ತರ ಹುಡುಕಲು ಮಗು ಹತ್ತಿರದವರ ಬಳಿ ಹೋಗಬೇಕು. ಹಾಗೆ ಆಗದಿದ್ದರೆ ಎಷ್ಟು ದೇಶದ ಮಕ್ಕಳ ಜೊತೆ ಮಾತಾಡಿದರೂ ಅದು ಸುಮ್ನೆ ಕೈಬೀಸಿ ಹಾಯ್ ಹೇಳಿದ ಹಾಗೆ.

ಮೊದಲು ಊರು: ಪ್ರವಾಸವೇ, ನೆರೆಮನೆಯೇ?

ಊರನ್ನು ತೋರಿಸುವುದು ಅಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಪ್ರವಾಸ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋದರೆ ಹಳೆಯ ಮನೆಗಳನ್ನು ಒಂದೇ ಕಡೆ ನೋಡಬಹುದು. ಮಂಗಳೂರಿನ ಪಿಲಿಕುಳದಲ್ಲಿ ಹಳೆಯ ಯಜಮಾನ ಮನೆತನಗಳ ಮಾದರಿಯ ಗುತ್ತಿನ ಮನೆ ಇದೆ, ಕುಶಲಕರ್ಮಿಗಳ ಗ್ರಾಮ ಇದೆ. ಎರಡೂ ಚೆನ್ನಾಗಿವೆ, ಒಮ್ಮೆ ಕರೆದುಕೊಂಡು ಹೋಗಿ. ಆದರೆ ಅಲ್ಲಿ ಮಗು ನೋಡುಗ. ಎಲ್ಲವೂ ಗಾಜಿನಾಚೆ ಇದ್ದಂತೆ ಅನಿಸುತ್ತದೆ.

ನೆರೆಮನೆಯಲ್ಲಿ ಹಾಗಲ್ಲ. ನಮ್ಮ ಕರಾವಳಿಯಲ್ಲಿ ಒಂದೇ ರಸ್ತೆಯಲ್ಲಿ ಒಂದು ಮನೆಯವರು ತುಳು, ಇನ್ನೊಂದು ಮನೆಯವರು ಕೊಂಕಣಿ, ಮತ್ತೊಂದು ಮನೆಯವರು ಬ್ಯಾರಿ ಮಾತಾಡುತ್ತಾರೆ. ಕುಂದಾಪುರದಿಂದ ಸೊಸೆ ಬಂದಿದ್ದರೆ ಅಲ್ಲಿ ಕುಂದಾಪ್ರ ಕನ್ನಡ. ಒಂದು ಭಾನುವಾರ ಮಕ್ಕಳಿಗೆ ಒಂದೇ ಕೆಲಸ ಕೊಟ್ಟೆ. ನಿಮ್ಮ ರಸ್ತೆಯ ಐದು ಮನೆಗೆ ಹೋಗಿ, 'ಮಳೆ ಬಂತು' ಅನ್ನುವುದನ್ನು ಅವರವರ ಮನೆಯ ಮಾತಲ್ಲಿ ಕೇಳಿ, ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬನ್ನಿ. ಒಬ್ಬ ಹುಡುಗ ಹತ್ತು ವರ್ಷ ಪಕ್ಕದ ಮನೆಯಲ್ಲಿದ್ದೂ ಅಲ್ಲಿನ ಅಜ್ಜಿಯ ಜೊತೆ ಮೊದಲ ಸಲ ಅರ್ಧ ಗಂಟೆ ಕೂತು ಬಂದ. ಈ ಒಂದು ಭಾನುವಾರಕ್ಕೆ ಯಾವ ಪ್ರವಾಸವೂ ಸಮ ಅಲ್ಲ ಅಂತ ನನಗೆ ಅನಿಸಿತು.

ಇನ್ನೊಂದು ದಾರಿ, ಋತುವಿನ ಡೈರಿ. ಇದಕ್ಕೆ ತುಳುವರ ಆಟಿ ತಿಂಗಳು ತುಂಬಾ ಒಳ್ಳೆಯದು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಮಳೆ ಬಿಡುವುದಿಲ್ಲ. ಮನೆಮನೆಗೆ ಓಲೆಕೊಡೆ ಹಿಡಿದು ಕುಣಿಯುವ ವೇಷ, ಆಟಿ ಕಳೆಂಜ ಬರುವ ಊರುಗಳು ಇನ್ನೂ ಇವೆ. ಕೆಸುವಿನ ಎಲೆಯ ಪತ್ರೊಡೆ ಆಗುತ್ತದೆ. ಅಟ್ಟದಿಂದ ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆ ಕೆಳಗೆ ಇಳಿಯುತ್ತದೆ. ಆಮೇಲೆ ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ಮೊಂತಿ ಹಬ್ಬ, ಹೊಸ ತೆನೆಯ ಊಟ. ಅಷ್ಟಮಿಗೂ ದಸರೆಗೂ ಹುಲಿವೇಷ. ನವೆಂಬರ್ ಹೊತ್ತಿಗೆ ಕಂಬಳ ಶುರು. ಮಗು ವಾರಕ್ಕೆ ನಾಲ್ಕು ಸಾಲು ಬರೆದರೂ ವರ್ಷದ ಕೊನೆಗೆ ಕೈಯಲ್ಲಿ ಒಂದು ಊರು ಇರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಡೈರಿಯಲ್ಲಿ ತನ್ನ ಮನೆಯ ಹಬ್ಬ ಮಾತ್ರ ಇದ್ದರೆ ಅದು ಊರು ಅಲ್ಲ. ಬೇರೆ ಮನೆಯ ಹಬ್ಬವೂ ಇರಲಿ. ಹಾಗೇ, ಬುಟ್ಟಿ ಹೆಣೆಯುವ ಕೊರಗ ಕುಟುಂಬದವರ ಬಳಿ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಕಲಿಯಲು ಹೋಗಿ. ಅವರ ಕೈಕೆಲಸದ ಬಗ್ಗೆ ಕೇಳಿ, ಅವರ ಕೈಯಲ್ಲೇ ಹೆಣೆಯುವುದನ್ನು ಕಲಿಯಿರಿ. ಫೋಟೋ ತೆಗೆದು ವಿದೇಶಕ್ಕೆ ಕಳಿಸಲು ಸಿಕ್ಕ ವಿಷಯ ಅನ್ನುವ ಹಾಗೆ ಯಾರನ್ನೂ ನೋಡಬಾರದು. ಇದರಲ್ಲಿ ನನಗೆ ರಾಜಿ ಇಲ್ಲ.

ಕಾಗದದ ಪತ್ರ

ಎಲ್ಲಕ್ಕಿಂತ ನಿಧಾನದ ದಾರಿ ಇದು. ಏರ್‌ಮೇಲ್‌ನಲ್ಲಿ ಹೋಗಲು ಎರಡು ಮೂರು ವಾರ, ಕೆಲವೊಮ್ಮೆ ತಿಂಗಳೇ ಹಿಡಿಯುತ್ತದೆ. ಕಳೆದುಹೋಗುವುದೂ ಉಂಟು. ವರ್ಷಕ್ಕೆ ಮೂರು ಸಲ ಹೋಗಿ ಬಂದರೆ ಹೆಚ್ಚು. ಮಕ್ಕಳಿಗೆ ಕಾಯುವುದು ಕಷ್ಟ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆದರೆ ಕಾಯುವ ಹೊತ್ತಲ್ಲೇ ಮಗು ಸುತ್ತ ನೋಡುವುದು. 'ಮುಂದಿನ ಪತ್ರಕ್ಕೆ ಇದನ್ನು ಬರೆಯಬೇಕು ಟೀಚರೇ' ಅಂತ ದಿನಾ ಒಬ್ಬರಾದರೂ ಬಂದು ಹೇಳುತ್ತಾರೆ.

ಪತ್ರ ಬರೆಸುವ ಮೊದಲು ನಾನು ಎರಡು ಕಥೆ ಹೇಳುತ್ತೇನೆ. ಎರಡೂ ನಿಜ, ಎರಡೂ ನಮ್ಮ ಊರಿನವು.

ಸುಮಾರು 900 ವರ್ಷಗಳ ಹಿಂದೆ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದರು. ಮೂಲ ಊರು ಈಗಿನ ಟುನೀಶಿಯಾದ ಮಹ್ದಿಯಾ. ಮಂಗಳೂರಿನಲ್ಲಿ ಕಂಚಿನ ಸಾಮಾನು ಮಾಡಿಸುತ್ತಿದ್ದರು, ಕಾಳುಮೆಣಸು ಅಡಿಕೆ ಹಡಗಿಗೆ ಹಾಕುತ್ತಿದ್ದರು. ಏಡನ್ ಬಂದರಿನ ಗೆಳೆಯರು ಅವರಿಗೆ ಪತ್ರ ಬರೆಯುತ್ತಿದ್ದರು. ಪತ್ರದ ಜೊತೆ ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಬರೆಯಲು ಕಾಗದವೂ ಅಲ್ಲಿಂದಲೇ ಬರುತ್ತಿತ್ತು. ಆ ಪತ್ರಗಳು ಕೈರೋದ ಹಳೆಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರ ಕೋಣೆಯಲ್ಲಿ ಉಳಿದು ನಮ್ಮ ಕಾಲದ ತನಕ ಬಂದಿವೆ. ಮಂಗಳೂರಿಗೆ ಹೊರದೇಶದಿಂದ ಪತ್ರ ಬರುವುದು ಹೊಸತಲ್ಲ ಅಂತ ಗೊತ್ತಾದಾಗ ಮಕ್ಕಳ ಕಣ್ಣು ಅರಳುತ್ತದೆ.

ಇನ್ನೊಂದು 1623ರದ್ದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡು, ಅದನ್ನು ನೇಪಲ್ಸ್‌ನ ಗೆಳೆಯನಿಗೆ ಬರೆದ. ರಾಣಿ ಬರಿಗಾಲಲ್ಲಿ ಬಂದಳು, ಮೇಲೆ ಓಲೆಕೊಡೆ ಹಿಡಿದಿದ್ದರು ಅಂತ ಬರೆದಿದ್ದಾನೆ. ಮಕ್ಕಳನ್ನು ಕೇಳುತ್ತೇನೆ: 'ಉಳ್ಳಾಲ ಶ್ರೀಮಂತ ರಾಜ್ಯ' ಅಂತಷ್ಟೇ ಬರೆದಿದ್ದರೆ ನಿಮಗೆ ಆ ರಾಣಿ ಕಾಣುತ್ತಿದ್ದಳಾ? ಕಾಲು ಮತ್ತು ಕೊಡೆ ಬರೆದದ್ದಕ್ಕೇ ಅಲ್ವಾ ಕಾಣುವುದು? ಇದಾದ ಮೇಲೆ ತಾಜ್‌ಮಹಲ್ ತಾನಾಗಿ ಪತ್ರದಿಂದ ಹೊರಟುಹೋಯಿತು.

ಭಾಷೆಯ ಭಯ ಬೇಡ. ಮಕ್ಕಳು ಕನ್ನಡದಲ್ಲೇ ಬರೆಯಲಿ, ಕೆಳಗೆ ಇಂಗ್ಲಿಷ್ ಅರ್ಥ ದೊಡ್ಡವರು ಸೇರಿಸಲಿ. ಆ ಕಡೆಯ ಮಕ್ಕಳಿಗೆ ನಮ್ಮ ಲಿಪಿಯೇ ಒಂದು ಚಿತ್ರ. ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಕಳಿಸಿ ಅಂತ ಅವರು ಪ್ರತಿ ಸಲ ಕೇಳುತ್ತಾರೆ.

ಎಂಟರಿಂದ ಹದಿಮೂರು ವಯಸ್ಸಿನವರಿಗೆ ಪತ್ರ ಚೆನ್ನಾಗಿ ಹೊಂದುತ್ತದೆ. ಅದಕ್ಕಿಂತ ಚಿಕ್ಕವರಾದರೆ ಬರೀ ಚಿತ್ರ ಸಾಕು.

ಧ್ವನಿ ಪತ್ರ

ಇದು ನನಗೆ ಹೊಳೆದದ್ದು ಒಬ್ಬ ಹುಡುಗಿಯ ಅಜ್ಜಿಯಿಂದ. ಅವರ ಯಜಮಾನರು ಎಂಬತ್ತರ ದಶಕದಲ್ಲಿ ಗಲ್ಫ್‌ನಲ್ಲಿದ್ದರಂತೆ. ಆಗ ಫೋನ್ ದುಬಾರಿ. ಅಲ್ಲಿಂದ ಕ್ಯಾಸೆಟ್‌ನಲ್ಲಿ ಮಾತಾಡಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಇವರು ಮಕ್ಕಳ ನಗು, ಅಳು, ದನದ ಕೂಗು ಎಲ್ಲ ತುಂಬಿಸಿ ವಾಪಸ್ ಕಳಿಸುತ್ತಿದ್ದರು. ಆ ಕ್ಯಾಸೆಟ್ ಇನ್ನೂ ಅವರ ಪೆಟ್ಟಿಗೆಯಲ್ಲಿದೆ.

ಮೊಬೈಲ್‌ನಲ್ಲಿ ಅದನ್ನೇ ಮಾಡಬಹುದು. ಮೂರು ನಿಮಿಷದ ಒಂದು ರೆಕಾರ್ಡಿಂಗ್. ಒಂದು ನಿಮಿಷ ಊರಿನ ಸದ್ದು, ಎರಡು ನಿಮಿಷ ಅದರ ಬಗ್ಗೆ ಮಗುವಿನ ಮಾತು. ಹಂಚಿನ ಮೇಲೆ ಮಳೆ, ಬಾವಿಯ ರಾಟೆ, ಯಕ್ಷಗಾನದ ಚೆಂಡೆ, ಸಿಟಿ ಬಸ್‌ನ ಕಂಡಕ್ಟರ್ ಕೂಗು, ಮಲ್ಪೆ ಬಂದರಿನಲ್ಲಿ ಮೀನು ಹರಾಜು. ಸದ್ದು ಹುಡುಕಲು ಹೊರಟ ಮಗು ಊರನ್ನು ಬೇರೆಯೇ ರೀತಿಯಲ್ಲಿ ಗಮನಿಸುತ್ತದೆ. ಆ ಕಡೆಯಿಂದ ನಮಗೆ ಒಮ್ಮೆ ಬಂದದ್ದು ಹಿಮದ ಮೇಲೆ ನಡೆಯುವ ಸದ್ದು. ಕರಾವಳಿಯ ಮಕ್ಕಳು ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಒಬ್ಬಳು 'ಹಪ್ಪಳ ಮುರಿದ ಹಾಗಿದೆ' ಅಂದಳು.

ಖರ್ಚಿಲ್ಲ. ಮುಖ ಕಾಣುವುದಿಲ್ಲ, ಹಾಗಾಗಿ ಅಪ್ಪ ಅಮ್ಮಂದಿರಿಗೆ ನಿಶ್ಚಿಂತೆ. ಎರಡೂ ಕಡೆ ಒಂದೇ ಹೊತ್ತಿಗೆ ಕೂರಬೇಕಿಲ್ಲ. ಬರೆಯಲು ಕಷ್ಟಪಡುವ ಮಗು ಇದರಲ್ಲಿ ಮುಂದೆ ಬರುತ್ತದೆ. ನನ್ನ ತರಗತಿಯಲ್ಲಿ ಪತ್ರ ಎರಡು ಸಾಲಿಗೆ ನಿಲ್ಲಿಸುತ್ತಿದ್ದ ಹುಡುಗ ಹಟ್ಟಿಯ ದನಗಳ ಬಗ್ಗೆ ನಿಲ್ಲಿಸದೆ ಮಾತಾಡಿದ. ಒಂದೇ ಕೊರತೆ, ಕೈಯಲ್ಲಿ ಹಿಡಿದು ಗೋಡೆಗೆ ಅಂಟಿಸುವಂಥದ್ದು ಉಳಿಯುವುದಿಲ್ಲ. ಅದಕ್ಕೇ ಪತ್ರದ ಜೊತೆ ಇದನ್ನು ಸೇರಿಸಿ. ಎರಡರಲ್ಲಿ ಒಂದನ್ನೇ ಆರಿಸಲು ಹೇಳಿದರೆ, ಚಿಕ್ಕ ಊರಿನ, ಕಡಿಮೆ ಅನುಕೂಲದ ಶಾಲೆಗೆ ನಾನು ಧ್ವನಿ ಪತ್ರವನ್ನೇ ಹೇಳುತ್ತೇನೆ.

ಡಬ್ಬಿ

ಊರಿನ ವಸ್ತುಗಳನ್ನು ಒಂದು ಡಬ್ಬಿಯಲ್ಲಿ ತುಂಬಿ ಕಳಿಸುವುದು, ಅವರಿಂದ ಒಂದು ಪಡೆಯುವುದು. ಮಕ್ಕಳಿಗೆ ಇದರಷ್ಟು ಸಂಭ್ರಮ ಬೇರೆ ಯಾವುದರಲ್ಲೂ ಇಲ್ಲ. ಏನು ಹಾಕಬೇಕು ಅನ್ನುವ ಚರ್ಚೆಯೇ ಒಂದು ದೊಡ್ಡ ಪಾಠ. 'ನಮ್ಮ ಊರು ಅಂದರೆ ಯಾವ ಹತ್ತು ವಸ್ತು?' ಅಂತ ಕೇಳಿ ನೋಡಿ, ತರಗತಿ ಅರ್ಧ ದಿನ ಜಗಳ ಆಡುತ್ತದೆ.

ಆದರೆ ಖರ್ಚು ಜಾಸ್ತಿ. ಒಳಗೇನಿದೆ ಅಂತ ಕಸ್ಟಮ್ಸ್ ಫಾರ್ಮ್ ತುಂಬಬೇಕು. ಅಂಚೆ ಕಚೇರಿಗೆ ಹೋಗಿ ಮೊದಲೇ ದರ, ನಿಯಮ ಕೇಳಿಕೊಳ್ಳಿ, ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಮುಖ್ಯವಾಗಿ ತಿಂಡಿ ಮತ್ತು ಬೀಜ. ಮನೆಯಲ್ಲಿ ಮಾಡಿದ ತಿಂಡಿಯನ್ನು ತುಂಬಾ ದೇಶಗಳು ಒಳಗೆ ಬಿಡುವುದಿಲ್ಲ. ನಾವು ಮೊದಲ ಡಬ್ಬಿಯಲ್ಲಿ ಹಲಸಿನ ಹಪ್ಪಳ ಇಟ್ಟಿದ್ದೆವು. ಡಬ್ಬಿ ತಲುಪಿತು, ಹಪ್ಪಳ ತಲುಪಲಿಲ್ಲ. ಬದಲಿಗೆ ಒಂದು ಚೀಟಿ ಇತ್ತಂತೆ. ಹಪ್ಪಳ ಒಣಗಿಸಲು ಸಹಾಯ ಮಾಡಿದ ಹುಡುಗಿಯರು ಅತ್ತೇ ಬಿಟ್ಟರು. ನಿಯಮ ಓದದೆ ಕಳಿಸಿದ್ದು ನನ್ನ ತಪ್ಪು. ಆಸ್ಟ್ರೇಲಿಯಾದವರಂತೂ ಬೀಜ, ಗರಿ, ಮರದ ವಸ್ತುಗಳ ವಿಷಯದಲ್ಲಿ ತುಂಬಾ ಬಿಗಿ.

ಹಾಗಾದರೆ ಏನು ಹಾಕುವುದು? ಉಡುಪಿ ಕೈಮಗ್ಗದ ಬಟ್ಟೆಯ ತುಂಡು, ಮಕ್ಕಳೇ ಬಣ್ಣ ಹಚ್ಚಿದ ಹುಲಿವೇಷದ ಕಾಗದದ ಮುಖವಾಡ, ಬಸ್ ಟಿಕೆಟ್, ರಸ್ತೆಯ ನಕ್ಷೆ, ಮಟ್ಟು ಗುಳ್ಳ ಬದನೆಯ ಚಿತ್ರ ಮತ್ತು ಅದರ ಸಾಂಬಾರಿನ ವಿಧಾನ. ಪತ್ರೊಡೆ ಕಳಿಸಲಾಗದು, ಆದರೆ ಪತ್ರೊಡೆ ಸುತ್ತುವ ಕೈಗಳ ಫೋಟೋ ಕಳಿಸಬಹುದು.

ವರ್ಷಕ್ಕೆ ಒಂದೇ ಡಬ್ಬಿ ಸಾಕು. ಪತ್ರದ ಪರಿಚಯ ಆದ ಮೇಲೆ ಕಳಿಸಿ. ಮೊದಲೇ ಕಳಿಸಿದರೆ ಅದು ಬರೀ ಉಡುಗೊರೆ ಆಗುತ್ತದೆ.

ವಿಡಿಯೋ ಕಾಲ್

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಕೊನೆಗೆ ಇಡುತ್ತೇನೆ.

ನಮ್ಮ ಮೊದಲ ಕಾಲ್‌ನಲ್ಲಿ ಈ ಕಡೆ ಇಪ್ಪತ್ತೆಂಟು, ಆ ಕಡೆ ಇಪ್ಪತ್ತೆರಡು ಮಕ್ಕಳು. ಮಾತಾಡಿದವರು ಮೂವರು, ಇಂಗ್ಲಿಷ್ ಚೆನ್ನಾಗಿ ಬರುವವರು. ಉಳಿದವರು ತೆರೆಯಲ್ಲಿ ತಮ್ಮ ಮುಖ ನೋಡಿಕೊಂಡು ನಕ್ಕರು. ನಡುವೆ ಕರೆಂಟ್ ಹೋಯಿತು. ನಲವತ್ತು ನಿಮಿಷ ಮುಗಿದಾಗ ಯಾರಿಗೂ ಯಾರ ಹೆಸರೂ ನೆನಪಿರಲಿಲ್ಲ.

ಎರಡು ವರ್ಷ ಬಿಟ್ಟು ಮತ್ತೆ ಮಾಡಿದೆವು, ಆರು ತಿಂಗಳ ಪತ್ರದ ನಂತರ. ಆಗ ಐದೈದು ಮಕ್ಕಳ ಗುಂಪು, ಒಂದು ಗುಂಪಿಗೆ ಹತ್ತು ನಿಮಿಷ, ಕೈಯಲ್ಲಿ ತೋರಿಸಲು ಒಂದು ವಸ್ತು. 'ನೀನೇ ಅಲ್ವಾ ನಾಯಿಯ ಬಗ್ಗೆ ಬರೆದವಳು?' ಅಂತ ಶುರುವಾಯಿತು. ಕಾಲ್ ಒಂದೇ, ಮೊದಲು ಪರಿಚಯ ಇದ್ದದ್ದರಿಂದ ಎಲ್ಲವೂ ಬೇರೆಯಾಯಿತು.

ಪರಿಚಯವಿಲ್ಲದ ತರಗತಿಯ ಜೊತೆ ಕಾಲ್ ಮಾಡಲೇಬೇಕು ಅಂತಿದ್ದರೆ ಊರು ಊಹಿಸುವ ಆಟ ಆಡಿ. ಎರಡೂ ಕಡೆಯವರು ತಮ್ಮ ಊರು ಹೇಳಬಾರದು. ಹೌದು, ಅಲ್ಲ ಅಂತ ಉತ್ತರ ಬರುವ ಪ್ರಶ್ನೆ ಮಾತ್ರ ಕೇಳಬೇಕು. ನಿಮ್ಮಲ್ಲಿ ಸಮುದ್ರ ಇದೆಯಾ? ನೀವು ಭೂಮಧ್ಯರೇಖೆಯ ಉತ್ತರಕ್ಕಿದ್ದೀರಾ? ನಕ್ಷೆ ಹಿಡಿದು ಎಲ್ಲರೂ ತೊಡಗುತ್ತಾರೆ, ಇಂಗ್ಲಿಷ್ ಸ್ವಲ್ಪ ಸಾಕು.

ಹೊತ್ತಿನ ಲೆಕ್ಕ ಮೊದಲೇ ಮಾಡಿ. ನಮ್ಮ ಮಧ್ಯಾಹ್ನ 3 ಗಂಟೆಗೆ ಜರ್ಮನಿ, ಸ್ವಿಟ್ಜರ್‌ಲ್ಯಾಂಡ್‌ಗಳಲ್ಲಿ ಚಳಿಗಾಲದಲ್ಲಿ ಬೆಳಿಗ್ಗೆ 10.30, ಬೇಸಿಗೆಯಲ್ಲಿ 11.30. ಎರಡೂ ಕಡೆ ಶಾಲೆಯ ಹೊತ್ತು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಬೆಳಿಗ್ಗೆ ಹತ್ತಕ್ಕೆ ಕರೆದರೆ ಸಿಗುತ್ತಾರೆ. ದುಬೈ ಒಂದೂವರೆ ಗಂಟೆ ಹಿಂದೆ, ಕುವೈತ್ ಎರಡೂವರೆ ಗಂಟೆ ಹಿಂದೆ. ಯುಎಇಯಲ್ಲಿ 2022ರಿಂದ ಶನಿವಾರ ಭಾನುವಾರ ರಜೆ, ಕುವೈತ್‌ನಲ್ಲಿ ಶುಕ್ರವಾರ ಶನಿವಾರ. ಅಮೆರಿಕದ ಪೂರ್ವ ಕರಾವಳಿಯವರ ಜೊತೆ ಶಾಲೆಯ ಹೊತ್ತಲ್ಲಿ ಸಾಧ್ಯವೇ ಇಲ್ಲ. ನಮ್ಮ ಸಂಜೆ ಏಳಕ್ಕೆ ಅವರಿಗೆ ಬೆಳಿಗ್ಗೆ. ಅದು ಮನೆಯಿಂದ ಮಾಡುವ ಕೆಲಸ.

ತಿಂಗಳೂ ಮುಖ್ಯ. ಜೂನ್‌ನಿಂದ ಆಗಸ್ಟ್ ತನಕ ನಮ್ಮಲ್ಲಿ ಮಳೆ ರಜೆ, ಕರೆಂಟ್ ಇಲ್ಲ. ಯುರೋಪಿನಲ್ಲಿ ಆಗಲೇ ಬೇಸಿಗೆ ರಜೆ. ಹಾಗಾಗಿ ಆಟಿಯಲ್ಲಿ ಬರೆಯಿರಿ, ನವೆಂಬರ್‌ನಿಂದ ಜನವರಿಯೊಳಗೆ ಕಾಲ್ ಮಾಡಿ. ಫೆಬ್ರುವರಿ ಬಂದರೆ ಪರೀಕ್ಷೆ.

ಯಾರ ಜೊತೆ?

ಹೆಚ್ಚಿನವರು ಅಮೆರಿಕ ಅಥವಾ ಇಂಗ್ಲೆಂಡ್‌ನ ಶಾಲೆಯೇ ಬೇಕು ಅನ್ನುತ್ತಾರೆ, ಇಂಗ್ಲಿಷ್ ಸುಧಾರಿಸುತ್ತದೆ ಅಂತ. ನನ್ನ ಅನುಭವ ಬೇರೆ. ಇಂಗ್ಲಿಷ್ ಮನೆಮಾತಲ್ಲದ ದೇಶದ ಮಕ್ಕಳ ಜೊತೆ ನಮ್ಮವರು ಜಾಸ್ತಿ ಬಿಚ್ಚಿ ಮಾತಾಡುತ್ತಾರೆ. ಅವರೂ ತಪ್ಪು ಮಾಡುತ್ತಾರೆ, ನಮ್ಮವರೂ ಮಾಡುತ್ತಾರೆ, ಯಾರಿಗೂ ಸಂಕೋಚ ಇಲ್ಲ.

ದೇಶಕ್ಕಿಂತ ಮೊದಲು ಇಬ್ಬರಿಗೂ ಸೇರಿದ ಒಂದು ವಸ್ತು ಹುಡುಕಿ. ನಮ್ಮಲ್ಲಿ ಇಂಥವು ತುಂಬಾ ಇವೆ.

ಚೆನ್ನೆಮಣೆ ನೋಡಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ. ಫಿಲಿಪ್ಪೀನ್ಸ್‌ನ ಸುಂಗ್ಕಾ, ಮಲೇಷ್ಯಾದ ಚೊಂಗ್ಕಾಕ್ ಇದೇ ಕುಟುಂಬದ ಆಟಗಳು. ಅಲ್ಲಿ ಗೆದ್ದ ಕಾಯಿ ಹಾಕಲು ಎರಡು ತುದಿಗೆ ದೊಡ್ಡ ಗುಳಿ ಇರುತ್ತದೆ. ಘಾನಾದ ಓವಾರೆಯಲ್ಲಿ ಸಾಲಿಗೆ ಆರೇ ಗುಳಿ, ಕಾಯಿ ಮಾತ್ರ ನಮ್ಮ ಹಾಗೆ ನಾಲ್ಕು. ನಿಯಮ ಬರೆದು ಕಳಿಸಿ, ಅವರ ನಿಯಮದಲ್ಲಿ ನೀವು ಆಡಿ, ನಿಮ್ಮದರಲ್ಲಿ ಅವರು ಆಡಲಿ. ನಮ್ಮ ಮಕ್ಕಳಿಗೆ ಆಟದ ನಿಯಮವೇ ಗೊತ್ತಿರುವುದಿಲ್ಲ, ಅಜ್ಜಿಯ ಹತ್ತಿರ ಹೋಗಲೇಬೇಕು. ಅಲ್ಲಿ ಸಿರಿಯ ಪಾಡ್ದನದ (ತುಳುವಿನ ಹಾಡುಗಥೆ) ಅಕ್ಕ ತಂಗಿ ಅಬ್ಬಗ–ದಾರಗ ಚೆನ್ನೆ ಆಡುತ್ತಾ ಜಗಳವಾಡಿದ ಕಥೆಯೂ ಸಿಗುತ್ತದೆ. ಅಕ್ಕ ತಂಗಿ ಎದುರುಬದುರು ಕೂತು ಆಡಬಾರದು ಅಂತ ಯಾಕೆ ಹೇಳುತ್ತಾರೆ ಅಂತ ಆಗ ಅರ್ಥವಾಗುತ್ತದೆ. ನಾನು ನೋಡಿದ ಎಲ್ಲದರಲ್ಲಿ ಇದೇ ಅತ್ಯುತ್ತಮ ಕೊಂಡಿ.

ಹಂಚು ಇನ್ನೊಂದು. ಕ್ರೈಸ್ತ ಮಿಷನರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದೂ ಅವರಿಂದಲೇ. ಸ್ವಿಟ್ಜರ್‌ಲ್ಯಾಂಡ್‌ನ ಬಾಸೆಲ್‌ನಲ್ಲಿರುವ ಅವರ ದಾಖಲೆ ಭಂಡಾರದಲ್ಲಿ ನಮ್ಮ ಊರಿನ ಹಳೆಯ ಫೋಟೋಗಳಿವೆ, ಅಂತರ್ಜಾಲದಲ್ಲೂ ನೋಡಬಹುದು. ಹಳೆಯ ಹಂಚನ್ನು ತಿರುಗಿಸಿದರೆ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಮಕ್ಕಳು ಊರಿಡೀ ಹಂಚು ತಿರುಗಿಸಿ ಹೆಸರು ಬರೆದುಕೊಂಡು ಬಂದರು. ಆ ಕಾರ್ಖಾನೆಗಳಲ್ಲಿ ದುಡಿದ ಅಜ್ಜಂದಿರೂ ಸಿಕ್ಕಿದರು. ಬಾಸೆಲ್ ಸುತ್ತಲಿನ ಶಾಲೆಯವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪತ್ರ ಇಲ್ಲ.

ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳೂ ಹಾಗೇ. ಲಾವಾ ತಣ್ಣಗಾಗುವಾಗ ಬಿರಿದು ಆದವು. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದವು. ಉತ್ತರ ಐರ್ಲೆಂಡ್‌ನ ಜೈಂಟ್ಸ್ ಕಾಸ್‌ವೇಯಲ್ಲೂ ಇಂಥದ್ದೇ ಕಂಬಗಳು. ವಿಜ್ಞಾನದ ಟೀಚರ್ ಆಗಿದ್ದರೆ ಇದನ್ನು ಹಿಡಿಯಿರಿ.

ಮಳೆಯೂ ಆಗಬಹುದು. ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಿ. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ಬರ್ಲಿನ್‌ನಲ್ಲಿ 600 ಕೂಡ ಇಲ್ಲ. ಜರ್ಮನಿಯ ಮಕ್ಕಳು ನಮ್ಮ ಒಂದು ವಾರದ ಲೆಕ್ಕ ನೋಡಿ, ತಪ್ಪು ಬರೆದಿದ್ದೀರಾ ಅಂತ ಕೇಳಿ ಬರೆದಿದ್ದರು.

ಇದ್ಯಾವುದೂ ಸಿಗದಿದ್ದರೆ ನೆಂಟರಿದ್ದಾರೆ. ಕರಾವಳಿಯಲ್ಲಿ ದುಬೈ, ಮಸ್ಕತ್, ಬಹ್ರೈನ್‌ನಲ್ಲಿ ಯಾರಾದರೂ ಇಲ್ಲದ ಮನೆ ಕಡಿಮೆ. ಚಿಕ್ಕಮ್ಮನ ಮಗನ ತರಗತಿಯಲ್ಲಿ ಬೇರೆ ಬೇರೆ ದೇಶದ ಮಕ್ಕಳು ಇರುತ್ತಾರೆ. ಗೊತ್ತಿರುವ ಮನೆ, ಹಾಗಾಗಿ ಭಯ ಇಲ್ಲ. ಅಲ್ಲಿನ ರಜೆ ಜುಲೈ ಆಗಸ್ಟ್‌ನಲ್ಲಿ, ಸರಿಯಾಗಿ ಆಟಿಯ ಹೊತ್ತಿಗೆ ಅವರು ಊರಿಗೆ ಬರುತ್ತಾರೆ. ಅಲ್ಲಿ ಬೆಳೆದ ನಮ್ಮದೇ ಮಕ್ಕಳಿಗೂ ಊರು ಸಿಗುತ್ತದೆ. ಮೊದಲ ಸಲ ಪ್ರಯತ್ನಿಸುವ ಮನೆಯವರಿಗೆ ನಾನು ಇದನ್ನೇ ಹೇಳುವುದು.

ಮಣಿಪಾಲದ ಹತ್ತಿರದವರಿಗೆ ಇನ್ನೊಂದು ಅನುಕೂಲ ಇದೆ. ಅಲ್ಲಿ ಓದಲು ಹಲವು ದೇಶದ ವಿದ್ಯಾರ್ಥಿಗಳು ಬರುತ್ತಾರೆ. ಒಬ್ಬರನ್ನು ಒಂದು ಮಧ್ಯಾಹ್ನ ಶಾಲೆಗೆ ಕರೆಯಿರಿ. ಮಕ್ಕಳೇ ಅವರಿಗೆ ಊರು ತೋರಿಸಲಿ. ಅವರ ಊರಿನ ಶಾಲೆಯ ಪರಿಚಯ ಅವರಿಂದಲೇ ಸಿಗಬಹುದು.

ಸಂಸ್ಥೆಗಳ ಮೂಲಕ

ಐ-ಅರ್ನ್ ಎಂಬ ಜಾಲ 1988ರಿಂದ ಇದೆ. ಶಾಲೆಗಳು ಸೇರಿ ಯೋಜನೆ ಮಾಡುತ್ತವೆ. ಅವರ ಟೆಡ್ಡಿ ಬೇರ್ ಯೋಜನೆಯಲ್ಲಿ ಎರಡು ತರಗತಿಗಳು ಒಂದೊಂದು ಗೊಂಬೆ ಅದಲುಬದಲು ಮಾಡಿಕೊಂಡು, ಬಂದ ಗೊಂಬೆಗೆ ತಮ್ಮ ಊರು ತೋರಿಸಿ ಅದರ ಹೆಸರಲ್ಲಿ ಡೈರಿ ಬರೆಯುತ್ತವೆ. ಚಿಕ್ಕ ಮಕ್ಕಳಿಗೆ ತುಂಬಾ ಚೆಂದ. ಆದರೆ ಇದು ಟೀಚರ್ ಸಮಯ ಕೊಡುವ ಕೆಲಸ, ಮನೆಯಿಂದ ಆಗುವುದಲ್ಲ.

ಪೋಸ್ಟ್‌ಕ್ರಾಸಿಂಗ್ 2005ರಲ್ಲಿ ಪೋರ್ಚುಗಲ್‌ನಲ್ಲಿ ಶುರುವಾದದ್ದು. ಯಾರದೋ ವಿಳಾಸ ಸಿಗುತ್ತದೆ, ಅವರಿಗೆ ಪೋಸ್ಟ್‌ಕಾರ್ಡ್ ಕಳಿಸುತ್ತೀರಿ, ಇನ್ಯಾರೋ ನಿಮಗೆ ಕಳಿಸುತ್ತಾರೆ. ಅಂಚೆಚೀಟಿ, ಭೂಗೋಳಕ್ಕೆ ಒಳ್ಳೆಯದು. ಗೆಳೆತನ ಬೆಳೆಯುವುದಿಲ್ಲ. ಎದುರಿಗಿರುವವರು ಹೆಚ್ಚಾಗಿ ದೊಡ್ಡವರು. ಹಾಗಾಗಿ ಖಾತೆ ನಿಮ್ಮ ಹೆಸರಲ್ಲಿರಲಿ, ಮಗು ಜೊತೆಗೆ ಕೂರಲಿ.

ಹದಿನೈದು ದಾಟಿದವರಿಗೆ ರೋಟರಿ ಯೂತ್ ಎಕ್ಸ್‌ಚೇಂಜ್‌ನಂಥವು ಇವೆ. ಬೇರೆ ದೇಶದ ಮನೆಯಲ್ಲಿ ಇದ್ದು ಬರುವುದು. ಖರ್ಚಿದೆ, ತಯಾರಿ ಬೇಕು. ಹತ್ತಿರದ ರೋಟರಿ ಕ್ಲಬ್‌ನಲ್ಲಿ ವಿಚಾರಿಸಿ.

ಸುರಕ್ಷತೆ

ವಿಳಾಸ ಶಾಲೆಯದ್ದೇ ಇರಲಿ. ಹೆಸರಿನ ಮೊದಲ ಭಾಗ ಮಾತ್ರ ಸಾಕು. ಮಗುವಿನ ಫೋನ್ ನಂಬರ್, ಮನೆ ಇರುವ ಜಾಗ, ಯೂನಿಫಾರ್ಮ್‌ನ ಫೋಟೋ ಬೇಡ. ಎಲ್ಲ ಇಮೇಲ್, ರೆಕಾರ್ಡಿಂಗ್ ಒಬ್ಬ ದೊಡ್ಡವರ ಖಾತೆಯಿಂದ ಹೋಗಲಿ, ಬರಲಿ. ಇಬ್ಬರು ಮಕ್ಕಳು ನೇರ ಚಾಟ್ ಮಾಡಲು ಶುರು ಮಾಡಿದರೆ ಗೆಳೆತನ ಎಷ್ಟೇ ಒಳ್ಳೆಯದಿರಲಿ ನಿಲ್ಲಿಸಿ. ಏನಾದರೂ ಹೆಚ್ಚುಕಮ್ಮಿ ಅನಿಸಿದರೆ ಮಕ್ಕಳ ಸಹಾಯವಾಣಿ 1098.

ಊರಿನವರ ಬಗ್ಗೆಯೂ ಇದೇ ಎಚ್ಚರ. ಫೋಟೋಕ್ಕೆ, ರೆಕಾರ್ಡಿಂಗ್‌ಗೆ ಮೊದಲು ಕೇಳಿ. ದೈವದ ಕೋಲವನ್ನು ಚಿತ್ರೀಕರಿಸುವುದು ತುಂಬಾ ಕಡೆ ಮನೆಯವರಿಗೆ ಇಷ್ಟವಿರುವುದಿಲ್ಲ. ಅಲ್ಲಿ ಕ್ಯಾಮೆರಾ ಒಳಗಿಟ್ಟು ಮಗು ನೋಡಿದ್ದನ್ನು ಬರೆಯಲಿ.

ನಿಮಗೆ ಯಾವುದು?

ಮನೆಯಲ್ಲಿ ಒಂದೇ ಮಗು, ಗಲ್ಫ್‌ನಲ್ಲಿ ನೆಂಟರಿದ್ದಾರೆ ಅಂದರೆ ಧ್ವನಿ ಪತ್ರದಿಂದ ಶುರು ಮಾಡಿ, ಆಟಿಗೆ ಅವರು ಬಂದಾಗ ಚೆನ್ನೆಮಣೆ ಇಳಿಸಿ. ಸರಕಾರಿ ಶಾಲೆಯ ಟೀಚರ್ ಆಗಿದ್ದು ಇಂಟರ್ನೆಟ್ ಸರಿಯಿಲ್ಲ ಅಂದರೆ ಪತ್ರ ಮತ್ತು ಮಳೆಮಾಪಕ. ಅನುಕೂಲ ಇದ್ದು ವರ್ಷಪೂರ್ತಿ ಮಾಡಬಲ್ಲಿರಾದರೆ ಜೂನ್‌ನಲ್ಲಿ ಊರಿನ ಡೈರಿ, ಆಗಸ್ಟ್ ಕೊನೆಗೆ ಮೊದಲ ಪತ್ರ, ದಸರಾ ರಜೆಯ ನಂತರ ಡಬ್ಬಿ, ಡಿಸೆಂಬರ್‌ನಲ್ಲಿ ಕಾಲ್. ಮಗುವಿಗೆ ಏಳು ವರ್ಷಕ್ಕಿಂತ ಕಡಿಮೆ ಅಂದರೆ ಹೊರದೇಶ ಸದ್ಯಕ್ಕೆ ಬೇಡ, ಐದು ಮನೆಯ 'ಮಳೆ ಬಂತು' ಸಾಕು.

ಕಳೆದ ವಾರ ಜರ್ಮನಿಯಿಂದ ಪತ್ರ ಬಂದಿದೆ. ಈಗಿನ ಪತ್ರಗಳಲ್ಲಿ ನಮ್ಮ ಕಿಟಕಿ ಇದೆ, ಚಿಮಣಿಯೂ ಇದೆ. ಅದನ್ನು ಓದಿದ ಒಬ್ಬಳು ಕೇಳಿದ್ದಾಳೆ: ಗದ್ದೆಯ ಬದುವಿನ ಮೇಲೆ ಬುಟ್ಟಿ ಹೊತ್ತು ಬರುವ ಮೀನಿನ ಅಮ್ಮ ಏನಂತ ಕೂಗುತ್ತಾರೆ? ತರಗತಿಯಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರಲಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಇಬ್ಬರು ಹುಡುಗಿಯರು ನನ್ನ ಮೊಬೈಲ್ ಹಿಡಿದು ಗೇಟಿನ ಬಳಿ ಅವರನ್ನು ಕಾಯಲಿದ್ದಾರೆ.